ಪ್ರಶ್ನೋತ್ತರ: ಒಂದೇ ಮೆಣಸಿನ ಬಳ್ಳಿ, ಎರಡು ಸ್ವಭಾವ

ಪ್ರಶ್ನೆ (ಸುಂಟಿಕೊಪ್ಪದ ಬೆಳೆಗಾರರು): ಮೇಡಂ, ನಮಸ್ಕಾರ. ಕರಿಮೆಣಸಿನ ಬುಡದಿಂದ ನೆಲದ ಮೇಲೆ ಹಬ್ಬುವ ಬಳ್ಳಿಯನ್ನು ಕತ್ತರಿಸಿ ನೆಟ್ಟರೆ ಅದು ಸಿಲ್ವರ್ ಓಕ್ ಹತ್ತುತ್ತದೆ. ಅದೇ ಬಳ್ಳಿಯ ಕಾಯಿ ಬಿಡುವ ಅಡ್ಡ ರೆಂಬೆ ತಂದು ನೆಟ್ಟರೆ ಬುಷ್ ಪೆಪ್ಪರ್ ಆಗುತ್ತದೆ, ಪೊದೆಯಾಗಿಯೇ ಉಳಿಯುತ್ತದೆ. ತಾಯಿಬಳ್ಳಿ ಒಂದೇ, ಜೀನ್ ಒಂದೇ ಅಲ್ವಾ? ಮತ್ತೆ ಈ ವ್ಯತ್ಯಾಸ ಯಾಕೆ? ಚರ್ಮದ ಕೋಶವನ್ನು ಹೃದಯದ ಕೋಶ ಮಾಡುತ್ತಾರೆ ಅಂತ ಪೇಪರಿನಲ್ಲಿ ಓದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನಮಸ್ಕಾರ ಸರ್. ಸಂಬಂಧ ಖಂಡಿತ ಇದೆ. ನಾನು ಲ್ಯಾಬಿನಲ್ಲಿ ನೋಡುವುದನ್ನೇ ನೀವು ತೋಟದಲ್ಲಿ ನೋಡಿದ್ದೀರಿ.

ಎರಡೂ ಗಿಡಗಳ ಜೀನ್ ಒಂದೇ. ಆದರೆ ಅಡ್ಡ ರೆಂಬೆಯ ಕೋಶ "ನಾನು ಅಡ್ಡ ರೆಂಬೆ" ಎಂಬ ನೆನಪನ್ನು ಉಳಿಸಿಕೊಂಡಿದೆ. ತಾಯಿಯಿಂದ ಬೇರೆಯಾಗಿ, ಹೊಸ ಬೇರು ಬಿಟ್ಟು, ವರ್ಷಗಟ್ಟಲೆ ಬೆಳೆದರೂ ಆ ನೆನಪು ಹೋಗುವುದಿಲ್ಲ. ರೊಬಸ್ಟಾ ಕಾಫಿಯಲ್ಲೂ ಹಾಗೇ. ನೇರ ಬರುವ ಚಿಗುರಿನ ಕಟಿಂಗ್ ನೇರ ಬೆಳೆಯುತ್ತದೆ, ಅಡ್ಡ ರೆಂಬೆಯದು ಅಡ್ಡವಾಗಿಯೇ ಹರಡುತ್ತದೆ.

ನಮ್ಮ ದೇಹದಲ್ಲೂ ಇಂಥ ನೆನಪೇ ಕೆಲಸ ಮಾಡುತ್ತದೆ. ಕಣ್ಣಿನ ಕೋಶ, ಲಿವರ್ ಕೋಶ ಎರಡರಲ್ಲೂ ಸುಮಾರು 20,000 ಜೀನ್‌ಗಳ ಅದೇ ಪಟ್ಟಿ ಇದೆ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎನ್ನುವುದು ಮಾತ್ರ ಬೇರೆ. ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಕೆಲಸ ಮಾಡುವುದಿಲ್ಲ. ಡಿಎನ್ಎ ಮೇಲೆ ಅಲ್ಲಲ್ಲಿ ಮಿಥೈಲ್ ಎಂಬ ಪುಟ್ಟ ಗುರುತು ಕೂಡ ಕೂತಿರುತ್ತದೆ. ಅದು ಕೂತ ಜೀನ್ ಸಾಮಾನ್ಯವಾಗಿ ಬಾಯಿ ಮುಚ್ಚುತ್ತದೆ. ಕೋಶ ಒಡೆದು ಎರಡಾದಾಗ ಈ ಗುರುತುಗಳನ್ನು ಹೊಸ ಎಳೆಗೂ ನಕಲು ಮಾಡುವ ಕಿಣ್ವವೊಂದಿದೆ. ಅದಕ್ಕೇ ಲಿವರ್ ಕೋಶದ ಮಗಳೂ ಲಿವರ್ ಕೋಶವೇ. ಜೀನಿನ ಅಕ್ಷರ ಬದಲಾಗದೆ ನಡೆಯುವ ಈ ವ್ಯವಹಾರಕ್ಕೆ ಎಪಿಜೆನೆಟಿಕ್ಸ್ ಎನ್ನುತ್ತಾರೆ.

ಪ್ರಶ್ನೆ (ಗೋಣಿಕೊಪ್ಪದ ಶಿಕ್ಷಕಿ): ಹಾಗಾದರೆ ಆ ಗುರುತು ಅಳಿಸಿದರೆ ಕೋಶ ಮತ್ತೆ ಎಳೆಯದಾಗುತ್ತದಾ? ಮಕ್ಕಳು ಕೇಳುತ್ತಾರೆ ಮೇಡಂ.

ಉತ್ತರ: ಆಗುತ್ತದೆ. ಮಕ್ಕಳಿಗೆ ಇದನ್ನು ಕಥೆಯಾಗಿಯೇ ಹೇಳಿ, ಅಷ್ಟು ಚೆನ್ನಾಗಿದೆ. 1962ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು (ಡಿಎನ್ಎ ಇರುವ ಭಾಗ) ತೆಗೆದು, ಕೇಂದ್ರ ನಾಶ ಮಾಡಿದ ಕಪ್ಪೆ ಮೊಟ್ಟೆಯೊಳಗೆ ಇಟ್ಟರು. ಅದರಿಂದ ಮತ್ತೆ ಗೊದಮೊಟ್ಟೆಗಳೇ ಬೆಳೆದವು. ಅಂದರೆ ಕರುಳಿನ ಕೋಶ ಏನನ್ನೂ ಕಳೆದುಕೊಂಡಿರಲಿಲ್ಲ, ಬೇಡದ್ದನ್ನು ಮುಚ್ಚಿಟ್ಟಿತ್ತು ಅಷ್ಟೇ.

ಮೊಟ್ಟೆಯ ಸಹಾಯವಿಲ್ಲದೆ ಇದನ್ನು ಮಾಡಿದವರು ಜಪಾನಿನ ಶಿನ್ಯಾ ಯಮನಾಕ. 24 ಜೀನ್‌ಗಳನ್ನು ಆರಿಸಿ, ಒಂದೊಂದನ್ನೇ ಬಿಟ್ಟು ನೋಡುತ್ತಾ ಕೊನೆಗೆ ನಾಲ್ಕಕ್ಕೆ ಇಳಿಸಿದರು. ಆಕ್ಟ್-4, ಸಾಕ್ಸ್-2, ಕೆಎಲ್ಎಫ್-4, ಸಿ-ಮಿಕ್. 2006ರಲ್ಲಿ ಇಲಿಯ ಕೋಶ, 2007ರಲ್ಲಿ ಮನುಷ್ಯನ ಚರ್ಮದ ಕೋಶ, ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಸ್ಟೆಮ್ ಸೆಲ್‌ನಂತಾಯಿತು. ಇವನ್ನೇ ಐಪಿಎಸ್ ಕೋಶ ಎನ್ನುವುದು. 2012ರ ನೊಬೆಲ್ ಇಬ್ಬರಿಗೂ ಬಂತು.

ಆದರೆ ಕೆಲಸ ಸುಲಭವಲ್ಲ. ಆರಂಭದ ವಿಧಾನಗಳಲ್ಲಿ ನೂರರಲ್ಲಿ ಒಂದು ಕೋಶವೂ ಹೀಗೆ ಬದಲಾಗುತ್ತಿರಲಿಲ್ಲ. ವಾರಗಟ್ಟಲೆ ಕಾಯಬೇಕು. ಬದಲಾದ ಮೇಲೂ ಹಳೆಯ ನೆನಪು ಸ್ವಲ್ಪ ಉಳಿಯುವುದುಂಟು. ಇಲಿಯ ರಕ್ತದಿಂದ ಮಾಡಿದ ಐಪಿಎಸ್ ಕೋಶ ಮತ್ತೆ ರಕ್ತವಾಗುವುದಕ್ಕೇ ಜಾಸ್ತಿ ಒಲವು ತೋರಿಸಿದ್ದನ್ನು 2010ರಲ್ಲಿ ಕಂಡರು.

ಗಿಡಗಳಲ್ಲೂ ಗುರುತು ಅಳಿಯುವುದು ಯಾವಾಗಲೂ ಒಳ್ಳೆಯದಲ್ಲ. ಮಲೇಷ್ಯಾದಲ್ಲಿ ಟಿಶ್ಯೂ ಕಲ್ಚರಿನ (ಗಿಡದ ಚೂರಿನಿಂದ ಲ್ಯಾಬಿನಲ್ಲಿ ಬೆಳೆಸಿದ) ಎಣ್ಣೆತಾಳೆ ಗಿಡಗಳಲ್ಲಿ ಕೆಲವು ವಿಕಾರವಾದ ಹಣ್ಣು ಬಿಟ್ಟು ಎಣ್ಣೆ ಕೈಕೊಟ್ಟಿತು. ಜೀನ್ ಹುಡುಕಿದರೆ ಅಕ್ಷರ ಸರಿಯಾಗಿಯೇ ಇತ್ತು. 2015ರಲ್ಲಿ ಕಾರಣ ಸಿಕ್ಕಿತು: ಹೂವಿಗೆ ಸಂಬಂಧಪಟ್ಟ ಜೀನಿನ ಒಳಗಿದ್ದ 'ಕರ್ಮ' ಎಂಬ ಡಿಎನ್ಎ ತುಂಡಿನ ಮಿಥೈಲ್ ಗುರುತು ಕಲ್ಚರ್ ಹಂತದಲ್ಲೇ ಅಳಿಸಿಹೋಗಿತ್ತು. ಈಗ ಸಸಿ ಇರುವಾಗಲೇ ಎಲೆ ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸಬಹುದು. ವರ್ಷಗಟ್ಟಲೆ ಸಾಕಿದ ಮೇಲೆ ಗೊತ್ತಾದರೆ ಬೆಳೆಗಾರ ಏನು ಮಾಡಬೇಕು ಹೇಳಿ?

ಪ್ರಶ್ನೆ (ಸೋಮವಾರಪೇಟೆಯಿಂದ): ಅಕ್ಕಾ, ನಮ್ಮ ಮಾವನಿಗೆ ಮೊಣಕಾಲು ಸವೆದಿದೆ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಕೀಲು ಹೊಸದಾಗುತ್ತದೆ ಅಂತಿದ್ದಾರೆ. ಮುಂಗಡ ಕೇಳಿದ್ದಾರೆ. ನೀವು ಹೇಳಿದ್ದೂ ಇದೂ ಒಂದೇನಾ?

ಉತ್ತರ: ಒಂದೇ ಅಲ್ಲ, ದಯವಿಟ್ಟು ತಡೆಯಿರಿ. ಇಂಥ ಇಂಜೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮೂಳೆಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಕೋಶ. ಹೊಸ ಕೀಲು ಬೆಳೆಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ.

ಐಪಿಎಸ್ ಕೋಶದಿಂದ ಬೆಳೆಸಿದ್ದನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟದ್ದು 2014ರಲ್ಲಿ, ಜಪಾನಿನ ಕೋಬೆಯಲ್ಲಿ. ಒಬ್ಬ ವೃದ್ಧೆಯ ಕಣ್ಣಿಗೆ, ಅವರದೇ ಚರ್ಮದಿಂದ ಬೆಳೆಸಿದ ತೆಳು ಪದರ. ಅಲ್ಲಿ ಇಷ್ಟು ಎಚ್ಚರ ಯಾಕೆ ಗೊತ್ತಾ? ಗುರುತು ಪೂರ್ತಿ ಅಳಿದ ಕೋಶ ದೇಹದೊಳಗೆ ಹೋದರೆ ಗಡ್ಡೆ ಕಟ್ಟಬಹುದು. 2013ರಲ್ಲಿ ಸ್ಪೇನಿನ ವಿಜ್ಞಾನಿಗಳು ಜೀವಂತ ಇಲಿಯೊಳಗೇ ಯಮನಾಕರ ಆ ನಾಲ್ಕು ಜೀನ್ ಚಾಲೂ ಮಾಡಿದಾಗ ಹಲವು ಅಂಗಗಳಲ್ಲಿ ಗಡ್ಡೆಗಳೆದ್ದವು. ಸಿ-ಮಿಕ್ ಅಂತೂ ಕ್ಯಾನ್ಸರಿಗೆ ಹೆಸರಾದ ಜೀನೇ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ನೋಂದಾಯಿತ ಪ್ರಯೋಗವಾಗಿಯೇ ನಡೆಯಬೇಕು. ಆ ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಇವರು ಮುಂಗಡ ಕೇಳಿದ್ದಾರೆ ಎಂದರೆ ನನಗೆ ಅಷ್ಟೇ ಸಾಕು.

ಮೊದಲು ಮಾವನವರನ್ನು ಒಬ್ಬ ಮೂಳೆ ತಜ್ಞರಿಗೆ ತೋರಿಸಿ. ತೂಕ, ವ್ಯಾಯಾಮ, ಬೇಕಾದರೆ ಕೀಲು ಬದಲಾವಣೆ, ಇವುಗಳ ಬಗ್ಗೆ ಅವರು ಹೇಳುತ್ತಾರೆ. ಆ ಕ್ಲಿನಿಕ್‌ನವರ ಹತ್ತಿರ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೇಳಿ. ಕೊಟ್ಟರೆ ನನಗೆ ಮೆಸೇಜ್ ಮಾಡಿ, ಓದಿ ಹೇಳುತ್ತೇನೆ. ಅಲ್ಲಿಯ ತನಕ ಒಂದು ರೂಪಾಯಿಯೂ ಕೊಡಬೇಡಿ.