ಮಗುವಿಗೆ ಟಿಕೆಟ್ ಬೇಕಾ, ಬೇಡವಾ? ಪಾರ್ಕಿಗೆ ಹೊರಟ ಅಪ್ಪ ಅಮ್ಮಂದಿರ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕುಟುಂಬಗಳಿಗೆ ಟೂರ್ ಬುಕಿಂಗ್ ಮಾಡಿಕೊಡುತ್ತೇನೆ. ರಜೆ ಹತ್ತಿರ ಬಂದಿದೆ, ಚಿಕ್ಕ ಮಕ್ಕಳ ಟಿಕೆಟ್ ಬಗ್ಗೆ ಏನಿದ್ದರೂ ಇಲ್ಲೇ ಕೇಳಿ ಎಂದಿದ್ದೆ. ಬಂದ ಪ್ರಶ್ನೆಗಳೂ ನನ್ನ ಉತ್ತರಗಳೂ ಕೆಳಗಿವೆ.

ಪ್ರಶ್ನೆ (ತುಮಕೂರಿನಿಂದ): ಅಕ್ಕ, ಮುಂದಿನ ತಿಂಗಳು ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗುತ್ತಿದ್ದೇವೆ. ಮಗಳಿಗೆ ಈಗಷ್ಟೇ 2 ವರ್ಷ ತುಂಬಿತು. ನಮ್ಮತ್ತೆ 3 ವರ್ಷದ ತನಕ ಫ್ರೀ ಅಂತಾರೆ, ಓರಗಿತ್ತಿ ಅಲ್ಲಿ ಎತ್ತರ ಅಳೀತಾರೆ ಅಂತಾಳೆ. ಲಸಿಕೆ ಕಾರ್ಡಿನಲ್ಲಿ ಡಾಕ್ಟರ್ ಹೋದ ವಾರ 85.5 ಸೆಂ.ಮೀ. ಅಂತ ಬರೆದಿದ್ದಾರೆ. ಟಿಕೆಟ್ ತಗೋಬೇಕಾ?

ಉತ್ತರ: ನಿಮ್ಮ ಓರಗಿತ್ತಿ ಹೇಳಿದ್ದೇ ಸರಿ. ವಂಡರ್‌ಲಾದಲ್ಲಿ ಚಿಕ್ಕ ಮಕ್ಕಳ ವಯಸ್ಸು ನೋಡುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಫ್ರೀ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದು ಅರ್ಧ ಟಿಕೆಟ್ ಅಂದುಕೊಳ್ಳಬೇಡಿ, ದೊಡ್ಡವರ ದರಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ ಅಷ್ಟೇ. ಹಾಗಾಗಿ ಒಂದು ಸೆಂಟಿಮೀಟರ್ ಆಚೀಚೆ ಆದರೂ ಮನೆಯ ಬಜೆಟ್‌ಗೆ ಗೊತ್ತಾಗುತ್ತದೆ, ನೀವು ಕೇಳಿದ್ದು ಒಳ್ಳೆಯದಾಯಿತು.

ಈಗ ಆ 85.5ರ ವಿಷಯ. ಎರಡು ವರ್ಷದ ತನಕ ಮಕ್ಕಳನ್ನು ಸಾಮಾನ್ಯವಾಗಿ ಮಲಗಿಸಿ ಅಳೆಯುತ್ತಾರೆ. ಮಲಗಿಸಿ ಅಳೆದರೆ ನಿಲ್ಲಿಸಿ ಅಳೆದದ್ದಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲೂ ಇಷ್ಟೇ ವ್ಯತ್ಯಾಸ ಹಿಡಿದಿದ್ದಾರೆ. ನಿಮ್ಮ ಮಗಳನ್ನು ಮಲಗಿಸಿ ಅಳೆದಿದ್ದರೆ ನಿಂತಾಗ ಅವಳು 84.8ರ ಹತ್ತಿರ ಇರಬಹುದು, ಅಂದರೆ ಇವತ್ತು ಹೋದರೆ ಫ್ರೀ. ಆದರೆ ನೀವು ಹೋಗುವುದು ಮುಂದಿನ ತಿಂಗಳು. ಅದೇ ಪಟ್ಟಿಯ ಪ್ರಕಾರ ಹೆಣ್ಣುಮಕ್ಕಳ ಸರಾಸರಿ ಎತ್ತರ 2 ವರ್ಷಕ್ಕೆ 85.7, 3 ವರ್ಷಕ್ಕೆ 95.1 ಸೆಂ.ಮೀ. ತಿಂಗಳಿಗೆ ಮುಕ್ಕಾಲು ಸೆಂಟಿಮೀಟರಿನಷ್ಟು ಬೆಳೆಯುತ್ತಾರೆ. ಅಷ್ಟು ಹೊತ್ತಿಗೆ ಅವಳು 85 ದಾಟಿರುತ್ತಾಳೆ ಅಂತಲೇ ಲೆಕ್ಕ ಹಾಕಿಕೊಂಡು ದುಡ್ಡು ಇಟ್ಟುಕೊಳ್ಳಿ.

ಹೊರಡುವ ಹಿಂದಿನ ದಿನ ಮನೆಯಲ್ಲೇ ನೋಡಿ. ಚಪ್ಪಲಿ ತೆಗೆಸಿ, ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ತಲೆ ಮೇಲೆ ಒಂದು ಗಟ್ಟಿ ಪುಸ್ತಕವನ್ನು ಅಡ್ಡಕ್ಕೆ ಇಟ್ಟು ಗೋಡೆಯ ಮೇಲೆ ಗುರುತು ಹಾಕಿ ಟೇಪಿನಲ್ಲಿ ಅಳೆಯಿರಿ. ನಿಮ್ಮಿಬ್ಬರ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದುಕೊಂಡರೂ ಮಗುವಿನದನ್ನು ಮಾತ್ರ ಅಲ್ಲಿ ಅಳತೆ ಆದ ಮೇಲೆ ಕೌಂಟರಿನಲ್ಲಿ ತೆಗೆಯಿರಿ. ಸುಮ್ನೆ ಮೊದಲೇ ಕೊಂಡು, ಆಮೇಲೆ ಬೇಕಾಗಿಲ್ಲ ಅಂತ ವಾಪಸ್ ಕೇಳುವುದು ದೊಡ್ಡ ತಲೆನೋವು. ಇನ್ನೊಂದು ಮಾತು, ನೀರಿಗೆ ಇಳಿಸುವುದಾದರೆ ಹತ್ತಿ ಬಟ್ಟೆ ಅಲ್ಲಿ ನಡೆಯುವುದಿಲ್ಲ, ನೈಲಾನ್ ತರಹದ ಈಜುಡುಗೆ ಬೇಕು.

ಪ್ರಶ್ನೆ (ಹಾಸನದಿಂದ): ನಮ್ಮ ಮಗನಿಗೆ 3 ವರ್ಷ ಆಗಿದೆ ಮೇಡಂ, ಆದರೆ ಸ್ವಲ್ಪ ಕುಳ್ಳ. ಅವನಿಗೂ ಫ್ರೀ ಆಗಬಹುದಾ?

ಉತ್ತರ: ಕಷ್ಟ. 3 ವರ್ಷದ ಗಂಡುಮಕ್ಕಳ ಸರಾಸರಿ 96 ಸೆಂ.ಮೀ. ಇರುತ್ತದೆ. ಕುಳ್ಳ ಅನ್ನಿಸುವ ಮಕ್ಕಳೂ ಹೆಚ್ಚಾಗಿ 88, 89 ಇದ್ದೇ ಇರುತ್ತಾರೆ. 85 ಒಳಗೇ ಇದ್ದಾನೆ ಅಂದರೆ ಪಾರ್ಕಿನ ವಿಷಯ ಆಮೇಲೆ ನೋಡೋಣ, ಮೊದಲು ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಮೈಸೂರಿನಿಂದ): ನಾವು ಸಿಂಗಾಪುರಕ್ಕೆ 11ಕ್ಕೆ ಹೋಗಿ 16ಕ್ಕೆ ವಾಪಸ್. 14ಕ್ಕೆ ಮಗನ 4ನೇ ಹುಟ್ಟುಹಬ್ಬ. ಅವತ್ತೇ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಕರೆದುಕೊಂಡು ಹೋಗಬೇಕು ಅಂತ ಅವರ ತಾತನಿಗೆ ಆಸೆ. ಬುಕ್ ಮಾಡಿದ ದಿನ ಅವನಿಗೆ 3 ವರ್ಷ, ಹಾಗಾದರೆ ಫ್ರೀ ಅಲ್ವಾ?

ಉತ್ತರ: ಅಲ್ಲ ಸರ್. ಬುಕ್ ಮಾಡಿದ ದಿನದ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ, ಗೇಟಿನ ಒಳಗೆ ಹೋಗುವ ದಿನದ ವಯಸ್ಸು ಬರುತ್ತದೆ. ಸಿಂಗಾಪುರದ ಯೂನಿವರ್ಸಲ್‌ನಲ್ಲಿ 4 ವರ್ಷದ ಒಳಗಿನವರಿಗೆ ಫ್ರೀ, 4ರಿಂದ 12ಕ್ಕೆ ಮಕ್ಕಳ ಟಿಕೆಟ್. 14ರಂದು ಅವನಿಗೆ 4 ತುಂಬಿಯೇ ಬಿಟ್ಟಿರುತ್ತದೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ತಾರೀಖು ಇದೆ, ಅದರ ಮೇಲೆ ಮಾತಿಲ್ಲ. 12 ಅಥವಾ 13ಕ್ಕೆ ಹೋದರೆ ಫ್ರೀ.

ಆದರೆ ಅದೇ ಊರಿನಲ್ಲಿ ಎಲ್ಲ ಕಡೆ 4 ಇಲ್ಲ. ಸಿಂಗಾಪುರ ಝೂನಲ್ಲೂ ಗಾರ್ಡನ್ಸ್ ಬೈ ದ ಬೇ ಉದ್ಯಾನದ ಗಾಜಿನ ಮನೆಗಳಲ್ಲೂ 3 ವರ್ಷ ತುಂಬಿದರೆ ಟಿಕೆಟ್ ಬೇಕು. ನಿಮ್ಮ ಮಗನಿಗೆ ಅಲ್ಲಿ ಯಾವ ದಿನ ಹೋದರೂ ದುಡ್ಡು ಕೊಡಲೇಬೇಕು, ಹಾಗಾಗಿ ಅವನ್ನು 14ಕ್ಕೋ ಅದರ ನಂತರಕ್ಕೋ ತಳ್ಳಿ, ಯೂನಿವರ್ಸಲ್ ಮುಂಚೆ ಮುಗಿಸಿ. ತಾತನಿಗೆ ಹುಟ್ಟುಹಬ್ಬಕ್ಕೆ ಝೂ ಸಾಕು. ನನ್ನ ಅನುಭವದಲ್ಲಿ 4 ವರ್ಷದ ಮಗುವಿಗೆ ಯೂನಿವರ್ಸಲ್‌ಗಿಂತ ಝೂನಲ್ಲೇ ಖುಷಿ ಜಾಸ್ತಿ.

ಯಾಕೆ ಅಂದರೆ ಒಳಗೆ ಬಿಡುವುದು ಬೇರೆ, ರೈಡ್ ಹತ್ತಿಸುವುದು ಬೇರೆ. ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ 102 ಸೆಂ.ಮೀ. ಬೇಕು, ಜುರಾಸಿಕ್ ಪಾರ್ಕಿನ ನೀರಿನ ರೈಡಿಗೆ 107, ಮಮ್ಮಿ ರೈಡಿಗೆ 122. ಅವನು 100 ಇದ್ದರೆ ಇವು ಮೂರೂ ಇಲ್ಲ. ಇದನ್ನು ಮಗುವಿಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಅರ್ಧ ಗಂಟೆ ಕ್ಯೂನಲ್ಲಿ ನಿಂತು, ಕೊನೆಗೆ ಕೋಲು ಹಿಡಿದು ಅಳೆದು ಆಗಲ್ಲ ಅಂದಾಗ ಮಕ್ಕಳು ಅಳುವುದನ್ನು ನೋಡಲಾಗುವುದಿಲ್ಲ.

ಪ್ರಶ್ನೆ (ಅಮೆರಿಕದ ಡಲ್ಲಾಸ್‌ನಿಂದ): ಮಂಡ್ಯದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಎಲ್ಲರೂ ಒರ್ಲಾಂಡೋ ಡಿಸ್ನಿಗೆ ಹೋಗುತ್ತೇವೆ. ಟ್ರಿಪ್ಪಿನ ಮಧ್ಯೆ ಮಗಳಿಗೆ 3 ತುಂಬುತ್ತದೆ. ಉಳಿದ ದಿನಕ್ಕೆ ಅವಳಿಗೆ ಟಿಕೆಟ್ ತೆಗೆಯಬೇಕಾ? ಹುಟ್ಟುಹಬ್ಬ ಮುಗಿದ ಮೇಲೆ ಹೋಗೋಣ ಅಂತ ನಮ್ಮೆಜಮಾನರು, ಮುಂಚೆಯೇ ಹೋಗೋಣ ಅಂತ ನಾನು.

ಉತ್ತರ: ಅಲ್ಲಿ 3 ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ, 3ರಿಂದ 9ಕ್ಕೆ ಮಕ್ಕಳ ಟಿಕೆಟ್, 10 ಆದರೆ ದೊಡ್ಡವರ ಲೆಕ್ಕ. ಡಿಸ್ನಿಯದೇ ಹೋಟೆಲಿನಲ್ಲಿ ಇಳಿದುಕೊಂಡರೆ ಚೆಕ್-ಇನ್ ಮಾಡಿದ ದಿನ ಮಗುವಿಗೆ ಎಷ್ಟು ವಯಸ್ಸೋ ಅದನ್ನೇ ಇಡೀ ಟ್ರಿಪ್ಪಿಗೆ ಹಿಡಿಯುವ ಪದ್ಧತಿ ಇದೆ. ಹೊರಗಿನ ಹೋಟೆಲಾದರೆ ಇದನ್ನು ನಂಬಿಕೊಂಡು ಕೂರಬೇಡಿ. ಎರಡರಲ್ಲಿ ಯಾವುದೇ ಆಗಲಿ, ಬುಕ್ ಮಾಡುವಾಗ ಹುಟ್ಟಿದ ತಾರೀಖನ್ನು ಸರಿಯಾಗಿ ಕೊಟ್ಟು, ನಮ್ಮ ಮಗುವಿಗೆ ಟ್ರಿಪ್ಪಿನಲ್ಲೇ 3 ತುಂಬುತ್ತದೆ ಅಂತ ಬಾಯಿಬಿಟ್ಟು ಕೇಳಿ, ಉತ್ತರವನ್ನು ಈಮೇಲ್ ಅಥವಾ ಚಾಟ್‌ನಲ್ಲಿ ಉಳಿಸಿಕೊಳ್ಳಿ.

ನಿಮ್ಮೆಜಮಾನರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ, ಸ್ವಲ್ಪ ದೊಡ್ಡವಳಾದರೆ ನೆನಪೂ ಜಾಸ್ತಿ ಉಳಿಯುತ್ತದೆ, ರೈಡೂ ಜಾಸ್ತಿ ಸಿಗುತ್ತದೆ. ಆದರೆ ಅಜ್ಜಿ ತಾತ ಅಷ್ಟು ದೂರದಿಂದ ಬರುವುದು ಯಾವಾಗಲೋ ಒಮ್ಮೆ. ನಾನಾಗಿದ್ದರೆ ಈಗಲೇ ಹೋಗುತ್ತಿದ್ದೆ. ಡಂಬೋ ಆನೆ, ಇಟ್ಸ್ ಎ ಸ್ಮಾಲ್ ವರ್ಲ್ಡ್ ದೋಣಿ ಇವಕ್ಕೆಲ್ಲ ಎತ್ತರದ ಲೆಕ್ಕವೇ ಇಲ್ಲ, ತೊಡೆ ಮೇಲಿನ ಕೂಸನ್ನೂ ಕರೆದುಕೊಂಡು ಹೋಗಬಹುದು. ಸೆವೆನ್ ಡ್ವಾರ್ಫ್ಸ್ ಗಣಿ ರೈಲಿಗೆ ಮಾತ್ರ 97 ಸೆಂ.ಮೀ. ಬೇಕು. ಅಲ್ಲಿ ರೈಡರ್ ಸ್ವಿಚ್ ಕೇಳಿ. ಒಬ್ಬರು ಮಗುವಿನ ಜೊತೆ ಹೊರಗಿದ್ದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು.

ಪ್ರಶ್ನೆ (ಬೆಂಗಳೂರಿನಿಂದ): ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಎರಡೂವರೆ ಅಂತ ಹೇಳಿದರೆ ಮುಗೀತು, ಯಾರೂ ಕೇಳಲ್ಲ.

ಉತ್ತರ: ಬೇಡ ಅಣ್ಣ. ಈ ಮಾತನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಮೂರು ದಾಟಿದ ಮಕ್ಕಳು ತಮ್ಮ ವಯಸ್ಸನ್ನು ಬೆರಳು ತೋರಿಸಿ ತಾವೇ ಹೇಳುತ್ತಾರೆ, ಅದನ್ನು ಅವರಿಗೆ ಕಲಿಸಿದವರು ನಾವೇ. ಗೇಟಿನ ಮುಂದೆ ಅದು ತಪ್ಪು, ಹಾಗೆ ಹೇಳಬೇಡ ಅಂತ ಮಗುವಿನ ಬಾಯಿ ಮುಚ್ಚಿಸುವುದು ನನಗೆ ತುಂಬಾ ಬೇಸರದ ವಿಷಯ. ದುಡ್ಡು ಬಿಗಿ ಇದ್ದರೆ ನೇರವಾಗಿ ಹೇಳಿ, ವಾರದ ಮಧ್ಯದ ದಿನವೋ ಆಫರ್ ಇರುವ ದಿನವೋ ಹುಡುಕಿ ಕೊಡುವುದು ನಮ್ಮ ಕೆಲಸ.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಕ್ಕಾರ, ಟೋಕಿಯೋ ಡಿಸ್ನಿಗೂ 3 ವರ್ಷದ ಲೆಕ್ಕವೇ? ನಮ್ಮ ಮಗಳಿಗೆ 3 ತುಂಬಿ 5 ತಿಂಗಳು.

ಉತ್ತರ: ಇಲ್ಲ, ಅಲ್ಲಿ 3 ವರ್ಷದವರಿಗೂ ಫ್ರೀ, ಟಿಕೆಟ್ 4ರಿಂದ ಶುರು. ಹಾಂಕಾಂಗ್ ಡಿಸ್ನಿಯಲ್ಲಾದರೆ 3 ತುಂಬಿದವರಿಗೇ ಟಿಕೆಟ್ ಬೇಕು. ಜಪಾನಿಗೆ ಹೋಗುತ್ತಿದ್ದರೆ ನಿಮ್ಮ ಮಗಳ ಪಾರ್ಕ್ ಟಿಕೆಟ್ ಚಿಂತೆ ಬಿಡಿ. ಆದರೆ ವಿಮಾನದಲ್ಲಿ 2 ತುಂಬಿದವರಿಗೆ ಸೀಟು ಬೇಕೇ ಬೇಕು, ಅವಳಿಗೂ ಸೇರಿಸಿ ಬುಕ್ ಮಾಡಿ.

ಪ್ರಶ್ನೆ (ಶಿವಮೊಗ್ಗದಿಂದ): ವಿಮಾನದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಹೋಗುವಾಗ ಮಗುವಿಗೆ 2 ತುಂಬಿರುವುದಿಲ್ಲ, ಬರುವಾಗ ತುಂಬಿರುತ್ತದೆ. ಆಗ? ಮತ್ತೆ ವಯಸ್ಸಿಗೆ ದಾಖಲೆ ಏನು ಒಯ್ಯಬೇಕು?

ಉತ್ತರ: ಹೋಗುವಾಗ ತೊಡೆ ಮೇಲೆ, ಬರುವಾಗ ಸ್ವಂತ ಸೀಟು. ಒಂದೊಂದು ವಿಮಾನಕ್ಕೂ ಆ ದಿನದ ವಯಸ್ಸು ನೋಡುತ್ತಾರೆ. ಹೋಗುವ, ಬರುವ ಟಿಕೆಟ್ ಒಟ್ಟಿಗೆ ಇನ್‌ಫಂಟ್ (ತೊಡೆ ಮೇಲಿನ ಕೂಸು) ಅಂತ ಹಾಕಿಬಿಟ್ಟರೆ ವಾಪಸ್ ಬರುವ ದಿನ ಕೌಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಅವತ್ತಿನ ದರ ಕೊಡಬೇಕಾಗುತ್ತದೆ.

ದಾಖಲೆಗೆ ವಿದೇಶಕ್ಕೆ ಪಾಸ್‌ಪೋರ್ಟ್ ಸಾಕು. ಇಲ್ಲೇ ದೇಶದೊಳಗೆ ಜನನ ಪ್ರಮಾಣಪತ್ರ ಇಲ್ಲವೇ 5 ವರ್ಷದೊಳಗಿನವರ ನೀಲಿ ಬಾಲ ಆಧಾರ್ ಒಯ್ಯಿರಿ. ಎರಡರ ಫೋಟೋವನ್ನೂ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ, ಅಸಲು ಕಾಗದ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ನಿಮ್ಮ ಎರಡೂ ದಿನದ ತಾರೀಖು, ಮಗುವಿನ ಹುಟ್ಟಿದ ತಾರೀಖು ಕಳಿಸಿ, ಇವತ್ತೇ ದರ ನೋಡಿ ಹೇಳುತ್ತೇನೆ.