ವಂಶವೃಕ್ಷದ ಬುಡದಲ್ಲಿ ಬೆಲಿ ಮೌರ್: ಕೆಲ್ಟಿಕ್ ದೇವರಾಜರನ್ನು ಪೂರ್ವಜರೆಂದು ಬರೆಯಬಹುದೇ?

ಪ್ರಶ್ನೆ (ಮೂಡಿಗೆರೆಯಿಂದ)

ನನ್ನ ತಾಯಿಯ ಅಜ್ಜ ವೇಲ್ಸ್ ದೇಶದಿಂದ ಬಂದು ಇಲ್ಲಿನ ಕಾಫಿ ತೋಟವೊಂದರಲ್ಲಿ ದೊರೆಯಾಗಿದ್ದವರು. ಅವರದೆಂದು ಮನೆಯಲ್ಲಿ ಉಳಿದಿರುವುದು ಒಂದು ಬೈಬಲ್ ಮಾತ್ರ; ಅದರ ಮೊದಲ ಹಾಳೆಯಲ್ಲಿ, ಮಳೆಗಾಲದ ಶೀತಕ್ಕೆ ಹರಡಿಹೋದ ಶಾಯಿಯಲ್ಲಿ, ಮೂರು ತಲೆಮಾರಿನ ಹೆಸರುಗಳಿವೆ. ಅವುಗಳನ್ನು ಅಂತರ್ಜಾಲದ ವಂಶವೃಕ್ಷದ ತಾಣವೊಂದರಲ್ಲಿ ಹಾಕಿದಾಗ ಸಾಲು 10ನೇ ಶತಮಾನದ 'ಹವೆಲ್ ದಾ' ಎಂಬ ರಾಜನವರೆಗೆ ಏರಿ, ಕೊನೆಗೆ ಬೆಲಿ ಮೌರ್, ಅಂದರೆ ಮಹಾ ಬೆಲಿ, ಎಂಬವನಲ್ಲಿ ನಿಂತಿತು. ಅವನು ಕೆಲ್ಟರ (ವೇಲ್ಸ್, ಐರ್ಲೆಂಡ್ ಮೊದಲಾದೆಡೆಯ ಹಳೆಯ ಜನರ) ಕಥೆಗಳಲ್ಲಿ ದೇವರೋ ರಾಜನೋ ಎನ್ನಲಾಗದ ಪುರಾಣಪುರುಷ. ತಾಯಿಗೆ ಎಂಬತ್ತು ತುಂಬುವ ದಿನ ವಂಶಾವಳಿಯನ್ನು ಬರೆದು ಅವರ ಕೈಗಿಡಬೇಕೆಂದಿದ್ದೇನೆ. ಎಲ್ಲಿಯವರೆಗೆ ಬರೆಯುವುದು ಸರಿ?

ಉತ್ತರ 1 (ಹಾಸನದಿಂದ)

ಬೆಲಿಯ ಹೆಸರನ್ನು ತಾಣದವರು ಕಟ್ಟಿದ್ದಲ್ಲ. ಸುಮಾರು 1100ರ ಹಸ್ತಪ್ರತಿಯೊಂದರಲ್ಲಿ ರಾಜ 'ಹವೆಲ್ ದಾ'ನ ಮಗ ಓವೈನನ ವಂಶಾವಳಿ ಬೆಲಿಯವರೆಗೆ ಹೋಗುತ್ತದೆ. ಅಲ್ಲಿಯೇ ಅನ್ನಾ ಎಂಬಾಕೆಯನ್ನು ಸೇರಿಸಿ, ಆಕೆ ಯೇಸುವಿನ ತಾಯಿ ಕನ್ಯೆ ಮರಿಯಳ ಸಂಬಂಧಿಯೆಂದು ಹೇಳುತ್ತಾರೆ ಎಂದೂ ಬರೆದಿದೆ. ಹಳೆಯ ದೇವರುಗಳನ್ನು ದೇವರೆಂದೇ ಉಳಿಸಿಕೊಳ್ಳಲಾಗದ ಕ್ರೈಸ್ತ ಲಿಪಿಕಾರರು ಅವರನ್ನು ಪುರಾತನ ರಾಜರನ್ನಾಗಿ ಮಾಡಿದರು. ಐರ್ಲೆಂಡಿನ ಕಥೆಗಳಲ್ಲಿ ಯುದ್ಧದಲ್ಲಿ ಕೈ ಕಳೆದುಕೊಂಡು, ಅಂಗಹೀನನು ಆಳಬಾರದೆಂಬ ಕಟ್ಟಳೆಯಿಂದ ಸಿಂಹಾಸನ ಬಿಟ್ಟು, ಬೆಳ್ಳಿಯ ಕೈ ಧರಿಸಿದ ನುವಾದ ಒಬ್ಬ ರಾಜ. ಅದೇ ಹೆಸರಿನ ಹಳೆಯ ರೂಪವಾದ ನೋಡೆನ್ಸ್ ಎಂಬ ದೇವರಿಗೆ ವೇಲ್ಸ್ ಗಡಿಯ ಸಮೀಪದ ಲಿಡ್ನಿಯಲ್ಲಿ 4ನೇ ಶತಮಾನದ ಗುಡಿಯೇ ಇತ್ತು.

ಇದು ನಮಗೆ ಹೊಸದಲ್ಲ. ನಿಮ್ಮ ತಾಲ್ಲೂಕಿನದೇ ಅಂಗಡಿಯಿಂದ, ಅಂದಿನ ಸೊಸೆವೂರಿನಿಂದ, ಹೊರಟ ಹೊಯ್ಸಳರು ತಮ್ಮ ಶಾಸನಗಳಲ್ಲಿ ಬ್ರಹ್ಮ, ಅತ್ರಿ, ಚಂದ್ರ, ಯದು ಎಂದೇ ವಂಶವನ್ನು ಆರಂಭಿಸುತ್ತಾರೆ. ಮಲೆನಾಡಿನ ಹೊಸ ಮನೆತನಕ್ಕೆ ಚಾಲುಕ್ಯರಂಥವರ ಎದುರು ನಿಲ್ಲಲು ಆ ಹಿರಿಮೆ ಬೇಕಿತ್ತು. ಅದಕ್ಕಾಗಿ ವಿಷ್ಣುವರ್ಧನನನ್ನು ಯಾರೂ ಸುಳ್ಳೆನ್ನುವುದಿಲ್ಲ.

ನಿಮ್ಮ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೆಲಿಯಲ್ಲ, ನಡುವಿನ ಭಾಗ. ವೇಲ್ಸ್‌ನಲ್ಲಿ ಬಹುಕಾಲ ಮನೆತನದ ಹೆಸರೇ ಇರಲಿಲ್ಲ; 'ಅಪ್' ಎಂದರೆ ಮಗ, ತಂದೆಯ ಹೆಸರೇ ಗುರುತು. ಒಂದೇ ಊರಿನಲ್ಲಿ ನಾಲ್ಕು ಮಂದಿ ದಾವಿದ್ ಅಪ್ ಇವಾನ್ ಇದ್ದರೆ ತಾಣದವರು ಯಾರನ್ನು ಹಿಡಿದರು? ಜನನ ನೋಂದಣಿ ಆರಂಭವಾದದ್ದು 1837ರಲ್ಲಿ. ಅದಕ್ಕೆ ಹಿಂದೆ, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಚರ್ಚುಗಳು ಬರೆದಿಡಬೇಕೆಂಬ 1538ರ ಆಜ್ಞೆಯ ನಂತರದ ಚರ್ಚ್ ದಾಖಲೆಗಳಿವೆ. ಪ್ರತಿ ಕೊಂಡಿಗೂ ಊರನ್ನೂ ದಾಖಲೆಯನ್ನೂ ಕೇಳಿ.

ಉತ್ತರ 2 (ಅರಸೀಕೆರೆಯಿಂದ)

ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಜಗಲಿಯ ಮೇಲೆ ಕುಳಿತು ಮೂಲಪುರುಷನಿಂದ ಹಿಡಿದು ನನ್ನವರೆಗೆ ಹೇಳಿ, ಹೊಸ ಮಗುವಿನ ಹೆಸರು ಕೇಳಿಕೊಂಡು, ರಾಗಿ ಪಡೆದು ಹೋಗುತ್ತಿದ್ದರು. 1249ರಲ್ಲಿ ಸ್ಕಾಟ್ಲೆಂಡಿನ ಸ್ಕೋನ್‌ನಲ್ಲಿ ಏಳು ವರ್ಷದ ಮೂರನೆಯ ಅಲೆಕ್ಸಾಂಡರ್ ಪಟ್ಟಕ್ಕೆ ಬಂದಾಗಲೂ ಗೇಲಿಕ್ ಭಾಷೆಯ ಕವಿಯೊಬ್ಬ ಅವನ ವಂಶವನ್ನು ಹಾಗೆಯೇ ಎದುರಿಗೆ ನಿಂತು ಹೇಳಿದ. ಆದ್ದರಿಂದ ಬೆಲಿಯನ್ನು ದಯವಿಟ್ಟು ಅಳಿಸಿಹಾಕಬೇಡಿ. 'ಹಿರಿಯರು ಹೀಗೆ ಹೇಳಿಕೊಂಡರು' ಎಂದು ಬೇರೆ ಪುಟದಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಮತ್ತೆ ನೋಡಿದೆ: ಬೈಬಲಿನ ಮೂರನೆಯ ಹೆಸರಿಗಿಂತ ಎರಡು ತಲೆಮಾರು ಹಿಂದಿನವನಿಗೆ ತಾಣದಲ್ಲಿ ಊರಿನ ಹೆಸರೇ ಇಲ್ಲ. ಗೆರೆಯನ್ನು ಅವನ ಮಗನಲ್ಲಿ ನಿಲ್ಲಿಸುತ್ತೇನೆ. ಬೆಲಿಗೆ ಬೇರೆ ಪುಟ.