‘ಮಳೆಕೊಯ್ಲು’ ಒಂದೇ ಸಾಕೇ? ಮಾಡಿನ ಮೊದಲ ನೀರಿಗೆ ಏನನ್ನೋಣ?

ಕಾಸರಗೋಡಿನ ಪೆರ್ಲ, ಬಾಯಾರು ಕಡೆಯ ಅಡಿಕೆ ಕೃಷಿಕರಿಗಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಮಾಡಿನಿಂದ, ಎಂದರೆ ಮನೆಯ ಚಾವಣಿಯಿಂದ, ಬೀಳುವ ಮಳೆನೀರನ್ನು ಮನೆಗೂ ತರಕಾರಿ ಸಾಲಿಗೂ ಬಳಸುವ ವಿಚಾರ. ಎರಡು ಕಡೆ ಪದಕ್ಕಾಗಿ ತಡವರಿಸುತ್ತಿದ್ದೇನೆ.

ಒಂದು, ‘ಮಳೆಕೊಯ್ಲು’. ಪತ್ರಿಕೆಗಳಲ್ಲೂ ಸರಕಾರಿ ಫಲಕಗಳಲ್ಲೂ ನೆಲೆಯೂರಿದ ಪದ. ತೆಗೆದುಹಾಕಬೇಕೆಂಬ ಹಟ ನನಗಿಲ್ಲ. ಆದರೆ ನಮ್ಮ ಹಿರಿಯರಿಗೆ ಕೊಯ್ಲು ಎಂದರೆ ಏಣೇಲು (ಮಳೆಗಾಲದ ಬತ್ತದ ಬೆಳೆ) ಗದ್ದೆಯದ್ದು, ಇಲ್ಲವೇ ಅಡಿಕೆಯದ್ದು. ನೀರಿನ ವಿಷಯದಲ್ಲಿ ಅವರ ಕ್ರಿಯಾಪದಗಳೇ ಬೇರೆ. ಹಂಡೆಗೋ ಟ್ಯಾಂಕಿಗೋ ಆದರೆ ‘ಹಿಡಿಯುವುದು’, ಬಾವಿಗೆ ‘ಬಿಡುವುದು’, ಗುಂಡಿಯಲ್ಲಿ ‘ಇಂಗಿಸುವುದು’, ತೋಡಿಗೆ ಅಡ್ಡ ‘ಕಟ್ಟುವುದು’. ಹಾಗೆ ಕಟ್ಟಿದ್ದೇ ಕಟ್ಟ.

ಇದು ಬರೀ ಮಾತಿನ ಸೂಕ್ಷ್ಮವಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಡಿಗೆ ಲೆಕ್ಕ ಹಾಕಿದರೆ 3.5 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕಿ ತುಂಬಲು 50 ಮಿಲಿಮೀಟರ್ ಸಾಕು, ಆಟಿ ತಿಂಗಳ (ಜುಲೈ–ಆಗಸ್ಟ್) ಒಂದು ಜಡಿಮಳೆಗೇ ಅದು ಉಕ್ಕಿ ಹರಿಯುತ್ತದೆ. ಟ್ಯಾಂಕಿ ಇಡಿಸಿದವರು ‘ಮಳೆಕೊಯ್ಲು ಆಯಿತು’ ಎಂದುಬಿಡುತ್ತಾರೆ. ಹಿಡಿದದ್ದಷ್ಟೇ ಆಯಿತು ಮಾರಾಯ್ರೆ, ಬಿಡುವುದೂ ಇಂಗಿಸುವುದೂ ಬಾಕಿ! ಆದ್ದರಿಂದ ಅಧ್ಯಾಯಗಳಿಗೆ ಈ ಕ್ರಿಯಾಪದಗಳನ್ನೇ ತಲೆಬರಹ ಮಾಡಿ, ‘ಮಳೆಕೊಯ್ಲು’ವನ್ನು ಮುಖಪುಟಕ್ಕೆ ಮಾತ್ರ ಇಟ್ಟುಕೊಳ್ಳೋಣ ಎಂದಿದ್ದೇನೆ. ಇಂಗಿಸುವುದಕ್ಕೆ ‘ಜಲಮರುಪೂರಣ’ ಬೇಡವೇ ಬೇಡ. ‘ಇಂಗುಗುಂಡಿ’ ಊರವರ ಬಾಯಿಗೆ ಸಲೀಸಾಗಿ ಹತ್ತಿತು, ಇದು ಹತ್ತಲಿಲ್ಲ.

ಗುಡ್ಡೆಯ ಇಳಿಜಾರಿನಲ್ಲಿ ಒಡ್ಡು ಹಾಕಿ ಮಳೆನೀರು ನಿಲ್ಲಿಸಿದ್ದು ಮದಕ, ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸಿನ ಮೇಲೆ ತಾನಾಗಿ ನೀರು ನಿಲ್ಲುವ ತಗ್ಗು ಪಳ್ಳ. ಇವೆರಡನ್ನೂ ವಿವರಣೆಯಿಲ್ಲದೆ ಬಳಸುತ್ತೇನೆ. ಸುರಂಗವನ್ನೂ ಇದೇ ಪಟ್ಟಿಗೆ ಸೇರಿಸಿ ಎಂದು ಸ್ನೇಹಿತರೊಬ್ಬರ ಸಲಹೆ. ನಾನು ಒಪ್ಪಲಿಲ್ಲ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ ಆಗಲೇ ಇಂಗಿದ ನೀರನ್ನು ಹೊರಗೆ ತರುತ್ತದೆ, ಬೀಳುವ ಮಳೆಯನ್ನು ಹಿಡಿಯುವುದಿಲ್ಲ.

ನಿಜವಾದ ಕಗ್ಗಂಟು ಎರಡನೆಯದು. ಬೇಸಗೆ ಕಳೆದು ಮಳೆ ಶುರುವಾದಾಗ ಮಾಡಿನ ದೂಳು, ತರಗೆಲೆ, ಹಕ್ಕಿಯ ಹಿಕ್ಕೆ ಎಲ್ಲ ತೊಳೆದುಕೊಂಡು ಬರುವ ನೀರನ್ನು ಟ್ಯಾಂಕಿಗೆ ಸೇರಿಸದೆ ಹೊರಗೆ ಹರಿಸುತ್ತೇವಲ್ಲ, ಅದಕ್ಕೆ ಏನು ಹೆಸರು? ಮೊದಲ ಒಂದೆರಡು ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಅದೇ 100 ಚದರ ಮೀಟರ್ ಮಾಡಿನಿಂದ 100–200 ಲೀಟರ್. ಪೈಪಿನ ಕೆಲಸದವರು ‘ಫಸ್ಟ್ ಫ್ಲಶ್’ ಎನ್ನುತ್ತಾರೆ. ಕೇಳಿದರೆ ಕಕ್ಕಸಿನ ನೆನಪು. ‘ತೊಳೆನೀರು’ ಎಂದು ಬರೆದು ನೋಡಿದೆ. ಮನೆಯವಳು ಓದಿ ‘ಹಟ್ಟಿ ತೊಳೆದದ್ದಾ?’ ಎಂದಳು. ‘ಹೊಸನೀರು’ ಚೆಂದವೇನೋ ಹೌದು, ಆದರೆ ಅದು ಹೊಳೆಗೆ ಬರುವ ಕೆಂಪು ನೀರಿಗೆ ಸಲ್ಲುವ ಮಾತು. ಸದ್ಯಕ್ಕೆ ‘ಮಾಡುತೊಳೆ’ ಎಂದು ಕರಡಿನಲ್ಲಿದೆ, ನನಗೇ ಪೂರ್ತಿ ಒಪ್ಪಿಗೆಯಿಲ್ಲ.

ಅಡಿಕೆ ಮರದ ದಂಬೆಯಲ್ಲಿ (ಮರ ಸೀಳಿ ತೋಡಿದ ದೋಣಿಯಲ್ಲಿ) ಮಾಡಿನ ನೀರು ಹಿಡಿಯುತ್ತಿದ್ದ ಮನೆಗಳಲ್ಲಿ, ಆ ಮೊದಲ ನೀರಿಗೆ ದಂಬೆಯನ್ನು ಆಚೆ ತಿರುಗಿಸಿಡುವಾಗ ಏನಾದರೂ ಹೇಳುತ್ತಿದ್ದರೇ? ತುಳು, ಹವ್ಯಕ, ಕರಾಡ, ಮಲಯಾಳ ಯಾವುದಾದರೂ ಆದೀತು. ಯಾವ ಊರಿನ ಬಳಕೆ ಎಂಬುದನ್ನೂ ಜೊತೆಗೆ ತಿಳಿಸಿ.